‘ಕಾಮಿಡಿ ಆಫ್ ಎರರ್ಸ್’: ಒಂದು ನುಡಿಗಟ್ಟಿನ ಅರ್ಥ ಮತ್ತು ಮೂಲ

ಒಂದು ತಪ್ಪಿನಿಂದ ಮತ್ತೊಂದು, ಅದರಿಂದ ಮಗುದೊಂದು ಹುಟ್ಟಿ, ನೋಡುವವರಿಗೆ ನಗು ಬರುವಂಥ ಗೊಂದಲ ಉಂಟಾದಾಗ ಅದನ್ನು ಇಂಗ್ಲಿಷಿನಲ್ಲಿ ‘ಕಾಮಿಡಿ ಆಫ್ ಎರರ್ಸ್’ ಎನ್ನುವುದು ರೂಢಿ. ಇದನ್ನು ‘ತಪ್ಪುಗಳ ಹಾಸ್ಯ’ ಎಂದು ಪದಕ್ಕೆ ಪದವಿಟ್ಟು ಅನುವಾದಿಸಿದರೆ ಅರ್ಥ ಪೂರ್ಣವಾಗಿ ಬರುವುದಿಲ್ಲ. ಅದರ ಕಾರಣವನ್ನು ತಿಳಿಯಲು ನುಡಿಗಟ್ಟಿನ ಮೂಲವನ್ನೂ ‘ಎರರ್’ ಶಬ್ದದ ಹುಟ್ಟನ್ನೂ ಪರಿಶೀಲಿಸಬೇಕು.

ಮೂಲ

ಇದು ಶೇಕ್ಸ್‌ಪಿಯರನ ನಾಟಕವೊಂದರ ಹೆಸರು. 1594ರ ಡಿಸೆಂಬರ್ 28ರ ರಾತ್ರಿ ಲಂಡನ್ನಿನ ಗ್ರೇಸ್ ಇನ್ ಎಂಬ ನ್ಯಾಯವಾದಿಗಳ ಸಂಸ್ಥೆಯಲ್ಲಿ ಇದರ ಪ್ರದರ್ಶನ ನಡೆಯಿತು. ಅಂದಿನ ಗದ್ದಲದಿಂದಾಗಿ ಆ ರಾತ್ರಿಗೂ ‘ತಪ್ಪುಗಳ ರಾತ್ರಿ’ ಎಂಬ ಹೆಸರು ಬಂದಿತು. ನಾಟಕ ಅಚ್ಚಾದದ್ದು 1623ರಲ್ಲಿ.

ಕಥಾವಸ್ತು ರೋಮಿನ ನಾಟಕಕಾರ ಪ್ಲಾಟಸನ ‘ಮೆನೇಕ್ಮಿ’ಯಿಂದ ಬಂದದ್ದು. ಅಲ್ಲಿ ಇರುವುದು ಒಂದೇ ಅವಳಿ ಜೋಡಿ. ಶೇಕ್ಸ್‌ಪಿಯರ್ ಅದಕ್ಕೆ ಅವಳಿ ಸೇವಕರನ್ನೂ ಸೇರಿಸಿ ಗೊಂದಲವನ್ನು ಇಮ್ಮಡಿಗೊಳಿಸಿದನು. ಎಫೆಸಸ್ ನಗರದಲ್ಲಿ ಹೆಂಡತಿ ಗಂಡನೆಂದು ತಿಳಿದು ಮೈದುನನನ್ನು ಊಟಕ್ಕೆ ಕರೆದೊಯ್ಯುತ್ತಾಳೆ. ನಿಜವಾದ ಗಂಡ ಮುಚ್ಚಿದ ಬಾಗಿಲ ಹೊರಗೆ ನಿಲ್ಲುತ್ತಾನೆ. ಅಕ್ಕಸಾಲಿಗ ಚಿನ್ನದ ಸರವನ್ನು ಒಬ್ಬನಿಗೆ ಕೊಟ್ಟು ಹಣವನ್ನು ಇನ್ನೊಬ್ಬನಲ್ಲಿ ಕೇಳುತ್ತಾನೆ. ಇವರಲ್ಲಿ ಯಾರೂ ಮೂಢರಲ್ಲ. ಮೊದಲ ಗುರುತು ತಪ್ಪಾದುದರಿಂದ ಮುಂದಿನ ಸರಿಯಾದ ತರ್ಕವೂ ತಪ್ಪಿನತ್ತಲೇ ಸಾಗುತ್ತದೆ.

ಈ ನಗುವಿನ ಹಿಂದೆ ಮೃತ್ಯುಭಯವೂ ಇದೆ. ಅವಳಿ ಮಕ್ಕಳ ತಂದೆ ಈಜಿಯನ್ ಸಿರಕ್ಯೂಸಿನ ವರ್ತಕ. ಎರಡು ನಗರಗಳ ವೈರದ ಫಲವಾಗಿ, ಎಫೆಸಸನ್ನು ಪ್ರವೇಶಿಸಿದ ಮಾತ್ರಕ್ಕೇ ಅವನಿಗೆ ಮರಣದಂಡನೆ ವಿಧಿಸಲಾಗಿದೆ. ಸಂಜೆಯೊಳಗೆ ಸಾವಿರ ಮಾರ್ಕ್ ದಂಡ ತೆತ್ತರೆ ಮಾತ್ರ ಜೀವದಾನ.

ಶಬ್ದವಿಚಾರ

‘ಎರರ್’ ಶಬ್ದದ ಮೂಲ ಲ್ಯಾಟಿನ್ನಿನ ‘ಎರಾರೆ’. ಅದರ ಮೊದಲ ಅರ್ಥ ‘ಅಲೆ, ದಾರಿ ಬಿಟ್ಟು ಹೋಗು’ ಎಂದು. ಕಳೆದುಹೋದ ಸೋದರನನ್ನು ಹುಡುಕುತ್ತ ಊರೂರು ಅಲೆಯುವವನೇ ಈ ನಾಟಕದ ನಾಯಕ. ಹೀಗಾಗಿ ಶೀರ್ಷಿಕೆಯಲ್ಲಿ ತಪ್ಪೂ ಇದೆ, ಅಲೆದಾಟವೂ ಇದೆ.

ಕನ್ನಡದ ‘ತಪ್ಪು’ ಮೂಲತಃ ಕ್ರಿಯಾಪದ. ದಾರಿ ತಪ್ಪು, ಗುರಿ ತಪ್ಪು, ಮಾತಿಗೆ ತಪ್ಪು ಎಂಬ ಪ್ರಯೋಗಗಳಲ್ಲಿ ಅದೇ ಭಾವವಿದೆ. ತಮಿಳು, ತೆಲುಗು, ಮಲಯಾಳಗಳಲ್ಲಿಯೂ ‘ತಪ್ಪು’ ಬಳಕೆಯಲ್ಲಿದೆ. ಮರಾಠಿಯ ‘ಚುಕಣೆ’ ತಪ್ಪು ಮಾಡುವುದಕ್ಕೂ ದಾರಿ ತಪ್ಪುವುದಕ್ಕೂ ಸಲ್ಲುತ್ತದೆ. ಬೇರೆ ಬೇರೆ ಭಾಷಾ ಕುಟುಂಬಗಳು ದೋಷವನ್ನು ದಾರಿಯ ರೂಪಕದಲ್ಲಿಯೇ ಕಂಡಿರುವುದು ಗಮನಾರ್ಹ.

ಕನ್ನಡದಲ್ಲಿ

ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ಈ ನಾಟಕವನ್ನು ಬಂಗಾಳಿಯಲ್ಲಿ ಕಥೆಯಾಗಿ ಬರೆದು ‘ಭ್ರಾಂತಿವಿಲಾಸ’ ಎಂದು ಹೆಸರಿಟ್ಟರು. ಬಿ. ವೆಂಕಟಾಚಾರ್ಯರು ಅದನ್ನು ಅದೇ ಹೆಸರಿನಲ್ಲಿ ಕನ್ನಡಕ್ಕೆ ತಂದರು. ‘ಭ್ರಾಂತಿ’ಯ ಧಾತು ‘ಭ್ರಮ್’. ಅದಕ್ಕೂ ‘ಅಲೆ, ಸುತ್ತು’ ಎಂಬುದೇ ಅರ್ಥ. ಭ್ರಮಣ, ಭ್ರಮೆ, ಭ್ರಮರ ಈ ಧಾತುವಿನವೇ. ಸಾದೃಶ್ಯದಿಂದ ಒಂದು ವಸ್ತುವನ್ನು ಇನ್ನೊಂದೆಂದು ತಿಳಿಯುವುದನ್ನು ಅಲಂಕಾರಶಾಸ್ತ್ರ ‘ಭ್ರಾಂತಿಮಾನ್’ ಎನ್ನುತ್ತದೆ. ಅವಳಿಗಳ ಕಥೆಗೆ ಇದಕ್ಕಿಂತ ಒಪ್ಪುವ ಶಬ್ದ ವಿರಳ.

ಚನ್ನಬಸಪ್ಪನವರು 1871ರಲ್ಲಿ ಬೇರೊಂದು ಮಾರ್ಗ ಹಿಡಿದರು. ಅವರಿಟ್ಟ ಹೆಸರು ‘ನಗದವರನ್ನು ನಗಿಸುವ ಕಥೆ’. ಒಬ್ಬರು ‘ಎರರ್’ ಶಬ್ದದ ಒಳಗನ್ನು ಹಿಡಿದರೆ ಮತ್ತೊಬ್ಬರು ‘ಕಾಮಿಡಿ’ಯ ಫಲವನ್ನು ಹಿಡಿದರು. 1997ರ ಕನ್ನಡ ಚಲನಚಿತ್ರ ‘ಉಲ್ಟಾ ಪಲ್ಟಾ’ ಇದೇ ಕಥೆಗೆ ಆಡುಮಾತಿನ ಹೆಸರನ್ನು ಕೊಟ್ಟಿತು.

ಪ್ರಯೋಗವಿವೇಕ

ನಾಟಕದ ಗೊಂದಲಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಆದುದರಿಂದ ತಿಳಿಯದೆ ಆದ ಪ್ರಮಾದಗಳ ಸರಣಿಗೆ ಮಾತ್ರ ಈ ನುಡಿಗಟ್ಟು ಒಪ್ಪುತ್ತದೆ. ಹೊಣೆಗೇಡಿತನದಿಂದಾದ ಅನಾಹುತವನ್ನು ಇದರಿಂದ ಹೆಸರಿಸಿದರೆ ಅಪರಾಧ ನಗುವಿನಲ್ಲಿ ಮುಚ್ಚಿಹೋಗುತ್ತದೆ, ನೊಂದವರಿಗೆ ಅನ್ಯಾಯವಾಗುತ್ತದೆ. ತಪ್ಪು, ಪ್ರಮಾದ, ಭ್ರಾಂತಿ, ಅಪರಾಧ ಇವು ಒಂದೇ ಅಲ್ಲ. ಸಂದರ್ಭವನ್ನರಿತು ಇವುಗಳಲ್ಲಿ ಒಂದನ್ನು ಆರಿಸುವುದು ಭಾಷೆಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಅಭ್ಯಾಸ

1. ‘ತಪ್ಪು’ ಕ್ರಿಯಾಪದವಾಗಿ ಬರುವ ಐದು ನುಡಿಗಟ್ಟುಗಳನ್ನು ಸಂಗ್ರಹಿಸಿ, ಪ್ರತಿಯೊಂದರಲ್ಲಿಯೂ ಅರ್ಥವು ಹೇಗೆ ಬದಲಾಗಿದೆ ಎಂಬುದನ್ನು ವಿವರಿಸಿರಿ.
2. ‘ಭ್ರಾಂತಿವಿಲಾಸ’, ‘ನಗದವರನ್ನು ನಗಿಸುವ ಕಥೆ’ ಈ ಎರಡು ಶೀರ್ಷಿಕೆಗಳಲ್ಲಿ ಮೂಲಕ್ಕೆ ಹತ್ತಿರವಾದುದು ಯಾವುದು? ಕಾರಣ ಸಹಿತ ಚರ್ಚಿಸಿರಿ.