ಮನೆಯ ವರಮಾನವನ್ನು ಅಳೆಯುವ ಬಗೆ

ನಿಮ್ಮ ಮನೆಯ ವರಮಾನವೆಷ್ಟೆಂದು ಕೇಳಿದರೆ ತಿಂಗಳ ಸಂಬಳವನ್ನು ಹೇಳಿಬಿಡುವುದು ಪಟ್ಟಣದವರ ವಾಡಿಕೆ. ಹಿನಕಲ್ಲಿನಲ್ಲಿ ಈ ಉತ್ತರವು ಸಾಲದು. ಹುಣಸೂರು ರಸ್ತೆಯ ಮೂಲಕ ಮೈಸೂರು ನಗರವು ಬಂದು ಕೂಡಿಕೊಂಡಿರುವ ಈ ಊರಿನಲ್ಲಿ ಒಂದೇ ಸೂರಿನಡಿ ಸಂಬಳ, ಬಾಡಿಗೆ, ಹಸುವಿನ ಹಾಲು ಇವೆಲ್ಲವೂ ಸೇರಿರಬಹುದು. ಮಾರಿದ ಹಾಲಿಗೇನೋ ಬೆಲೆಯುಂಟು. ಮಕ್ಕಳು ಕುಡಿದ ಹಾಲನ್ನು ಯಾವ ಲೆಕ್ಕಕ್ಕೆ ಬರೆಯೋಣ?

ಇಂಥ ಪ್ರಶ್ನೆಗಳನ್ನು ನೆರೆಯ ಮಂಡ್ಯದ ಸೀಮೆಯಲ್ಲಿ ಶೋಧಿಸಿದ ವಿದುಷಿಯೊಬ್ಬರುಂಟು. ಸ್ಕಾರ್ಲೆಟ್ ಎಪ್‌ಸ್ಟೈನ್ 1922ರಲ್ಲಿ ವಿಯೆನ್ನಾ ನಗರದ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಹಿಂಸೆಯಿಂದ ಪಾರಾಗಿ ಇಂಗ್ಲೆಂಡನ್ನು ಸೇರಿ, ಕಾರ್ಖಾನೆಯಲ್ಲಿ ದುಡಿದು, ಅನಂತರ ಮ್ಯಾಂಚೆಸ್ಟರಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸಿದವರು. 1954ರಿಂದ 1956ರವರೆಗೆ ಅವರು ಎರಡು ಹಳ್ಳಿಗಳಲ್ಲಿ ನೆಲೆಸಿ ಮನೆಗಳ ಆಯವ್ಯಯವನ್ನು ಬರೆದುಕೊಂಡರು. ಊರುಗಳ ನಿಜನಾಮವನ್ನು ಮರೆಮಾಡಿ ಒಂದನ್ನು ವಂಗಲವೆಂದೂ ಮತ್ತೊಂದನ್ನು ದಲೇನವೆಂದೂ ಕರೆದರು.

ವಂಗಲಕ್ಕೆ ಕೃಷ್ಣರಾಜಸಾಗರದ ನೀರು ನಾಲೆಯಿಂದ ಹರಿದು ಬಂದು ಕಬ್ಬು ಬೆಳೆಯಿತು. ದಲೇನದ ಭೂಮಿಯು ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ನೀರು ಕಂಡ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಎಣಿಸುವರು. ನಡೆದದ್ದು ಬೇರೆ. ವಂಗಲದಲ್ಲಿ ಹಣವು ಹೆಚ್ಚಿದರೂ ಒಕ್ಕಲಿಗೂ ಕೂಲಿಗೂ ತಲೆತಲಾಂತರದಿಂದ ಬಂದ ಸಂಬಂಧವು ಕದಲಲಿಲ್ಲ. ದಲೇನದವರಾದರೋ ಮಂಡ್ಯದ ಕೆಲಸಗಳಿಗೂ ವ್ಯಾಪಾರಕ್ಕೂ ಹೊರಟರು. ಹಳೆಯ ಕಟ್ಟುಗಳು ಅಲ್ಲಿಯೇ ಸಡಿಲಿದವು.

ಆಳುಗಳಿಗೆ ವರುಷಕ್ಕಿಷ್ಟು ಧಾನ್ಯವೆಂದು ಕೊಡುವ ಪದ್ಧತಿಯನ್ನು ಎಪ್‌ಸ್ಟೈನರು ವಿಶೇಷವಾಗಿ ವಿಚಾರಿಸಿದರು. ರೂಪಾಯಿಯ ಲೆಕ್ಕದಲ್ಲಿ ಅದು ಕಾಣದು. ಬೆಳೆ ಕೆಟ್ಟ ವರುಷದಲ್ಲಿ ಜೀವವನ್ನುಳಿಸುವುದು ಅದೇ. ಆದರೆ ಬೆಳೆ ಹೆಚ್ಚಿದ ವರುಷದ ಲಾಭವು ಹೊಲದೊಡೆಯನಿಗೇ ಸಲ್ಲುತ್ತಿತ್ತೆಂಬುದನ್ನೂ ನಾವು ಮರೆಯಬಾರದು. 1970ರಲ್ಲಿ ಅವರು ಅವೇ ಊರುಗಳಿಗೆ ಮರಳಿ ಬಂದು ನೋಡಿ, 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರವು ಬೆಳೆದುದನ್ನು ತೋರಿಸಿದರು. ಊರಿನ ಸರಾಸರಿಯೊಂದನ್ನೇ ನೋಡಿದ್ದರೆ ಇದು ತಿಳಿಯುತ್ತಿರಲಿಲ್ಲ. ಯಾರು ಮೇಲೇರಿದರು, ಯಾರು ಇದ್ದಲ್ಲಿಯೇ ಉಳಿದರೆಂದು ಅರಿಯಲು ಮತ್ತೆ ಅವರ ಬಾಗಿಲಿಗೇ ಹೋಗಬೇಕು.

ಇನ್ನು ಹಾಲಿನ ಮಾತು. ಮನೆಯಲ್ಲಿ ಕುಡಿದ ಹಾಲಿಗೂ ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಸ್ಥಳವುಂಟು. ಅದನ್ನು ಕಾಯಿಸಿ ಮಗುವಿಗೆ ಕುಡಿಸಿದವಳ ದುಡಿಮೆಗೆ ಇಲ್ಲ. ಈ ಭೇದವು ನಮಗೆ ನ್ಯಾಯವಾಗಿ ತೋರದು. 2019ರಲ್ಲಿ ಸರ್ಕಾರವು ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವೆಚ್ಚಮಾಡುತ್ತಿದ್ದರು.