ಕಾಡುಈರುಳ್ಳಿ ಮತ್ತು ಕಲ್ಲುಹೂವು

ನಮ್ಮ ಕಡೆಯ ಎರಡು ಸಸ್ಯಗಳ ಹೆಸರು ಕೇಳುವವರನ್ನು ದಾರಿ ತಪ್ಪಿಸುತ್ತದೆ. ಕಾಡುಈರುಳ್ಳಿಯು ತಿನ್ನುವ ಈರುಳ್ಳಿಯಲ್ಲ. ಕಲ್ಲುಹೂವು ಹೂವೇ ಅಲ್ಲ. ಸಸ್ಯಶಾಸ್ತ್ರವು ನನ್ನ ಪಾಠದ ವಿಷಯವಲ್ಲವಾದರೂ ಇವೆರಡನ್ನು ಹೋಲಿಸಿ ನೋಡುವ ಪ್ರಸಂಗವೊಂದು ಒದಗಿತು.

ಕಳೆದ ಬೇಸಗೆಯ ರಜೆಯಲ್ಲಿ ಹೊಸನಗರದ ಬಳಿಯ ನಮ್ಮೂರಿಗೆ ಹೋಗಿದ್ದೆ. ಅಪ್ಪಯ್ಯ ಮಾವಿನ ಮರದ ತೊಗಟೆಗೆ ಹತ್ತಿದ್ದ ಬೂದುಬಣ್ಣದ ಕಲ್ಲುಹೂವನ್ನು ಕತ್ತಿಯಿಂದ ಹೆರೆಯುತ್ತಿದ್ದರು. “ಇದೂ ಬಂದಳಿಕೆಯ ಹಾಗೆಯೇ, ಮರದ ಸಾರ ಹೀರುತ್ತದೆ” ಎಂದರು. ಅಲ್ಲವೆಂದೆ. “ಹಾಗಾದರೆ ಅದಕ್ಕೆ ಊಟ ಎಲ್ಲಿಂದ? ಕಾಲೇಜಿಗೆ ಹೋದವನು, ನೀನೇ ಹೇಳು” ಎಂದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಉತ್ತರ ಹೊಳೆಯಲಿಲ್ಲ. ಸಾಗರಕ್ಕೆ ಮರಳಿದ ಮೇಲೆ ಪುಸ್ತಕಗಳನ್ನು ಹುಡುಕಿದೆ.

ಕಲ್ಲುಹೂವು ಒಂದು ಜೀವಿಯಲ್ಲ, ಎರಡರ ಕೂಡುಬಾಳು. ಶಿಲೀಂಧ್ರವು ಮನೆಯಾಗಿ ನೀರನ್ನು ಹಿಡಿದಿಡುತ್ತದೆ. ಅದರೊಳಗಿನ ಪಾಚಿಯು ಬಿಸಿಲಿನ ಬಲದಿಂದ ಆಹಾರ ತಯಾರಿಸುತ್ತದೆ. ೧೮೬೭ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಇದನ್ನು ಸಾರಿದಾಗ ಅಂದಿನ ಅನೇಕ ವಿದ್ವಾಂಸರೇ ಒಪ್ಪಲಿಲ್ಲ. ಇದಕ್ಕೆ ಬೇರಿಲ್ಲ. ಮಳೆ, ಇಬ್ಬನಿ, ಗಾಳಿಯ ಧೂಳು ಇವೇ ಇದರ ಆಧಾರ. ಬೇಸಗೆಯಲ್ಲಿ ಒಣಗಿ ಗರಿಗರಿಯಾಗುತ್ತದೆ. ಮಳೆ ಬಿದ್ದೊಡನೆ ಚೇತರಿಸಿಕೊಳ್ಳುತ್ತದೆ. ಮರವು ಅದಕ್ಕೆ ಕೂರುವ ಮಣೆ ಮಾತ್ರ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ಬರಿಯ ಬಂಡೆಯ ಮೇಲೂ ಇದರ ಜಾತಿಯವನ್ನು ನೋಡಿದ್ದೇನೆ. ಬಂಡೆಯಲ್ಲಿ ಹೀರುವುದಕ್ಕೆ ಸಾರವೆಲ್ಲಿದೆ?

ಕಾಡುಈರುಳ್ಳಿಯ ರೀತಿ ಇದಕ್ಕೆ ತದ್ವಿರುದ್ಧ. ಅದು ಬೇರು ಬಿಟ್ಟು ನೆಲದೊಳಗೆ ಗಡ್ಡೆ ಕಟ್ಟುತ್ತದೆ. ಮಳೆಗಾಲದಲ್ಲಿ ಎಲೆಗಳು ತಯಾರಿಸಿದ ಆಹಾರವೆಲ್ಲ ಗಡ್ಡೆಯಲ್ಲಿ ಕೂಡಿಬೀಳುತ್ತದೆ. ಎಲೆಗಳು ಒಣಗಿಹೋದ ಮೇಲೆ ಬೇಸಗೆಯಲ್ಲಿ ಆ ಉಳಿತಾಯದಿಂದಲೇ ಬರಿಯ ಹೂದಂಟು ಮೇಲೇಳುತ್ತದೆ. ಕೂಡಿಟ್ಟವನಿಗೆ ಕಾವಲೂ ಬೇಕಷ್ಟೆ. ಗಡ್ಡೆಯಲ್ಲಿ ಹೃದಯಕ್ಕೆ ತಾಗುವ ವಿಷವಿದೆ. ಇದು ಈರುಳ್ಳಿ-ಬೆಳ್ಳುಳ್ಳಿಗಳ ಕುಲಕ್ಕೆ ಸೇರಿದ್ದೂ ಅಲ್ಲ. ಆದುದರಿಂದ ಹೆಸರನ್ನು ನಂಬಿ ಯಾರೂ ರುಚಿ ನೋಡಬಾರದು.

ಹೀಗೆ ಒಂದು ಕೂಡಿಟ್ಟು ಬಾಳಿದರೆ ಇನ್ನೊಂದು ಕೂಡಿ ಬಾಳುತ್ತದೆ. ಆದರೆ ಕೂಡಿ ಬಾಳುವುದರ ಬೆಳವಣಿಗೆ ಬಹಳ ನಿಧಾನ; ಅನೇಕ ಕಲ್ಲುಹೂವುಗಳು ವರ್ಷಕ್ಕೆ ಕೆಲವೇ ಮಿಲಿಮೀಟರು ಹರಡುತ್ತವೆ. ಮಸಾಲೆಗೆಂದು ಅಂಗಡಿಯಲ್ಲಿ ಕೊಳ್ಳುವ ಒಂದು ಹಿಡಿಯ ಹಿಂದೆ ಎಷ್ಟೋ ಮಳೆಗಾಲಗಳಿರುತ್ತವೆ. ಕೀಳುವವರು ಒಂದಷ್ಟನ್ನು ಮರದಲ್ಲೇ ಉಳಿಸಿ ಬರುವುದು ಲೇಸು.

ದಸರೆಗೆ ಊರಿಗೆ ಹೋದಾಗ ಅಪ್ಪಯ್ಯನಿಗೆ ಇಷ್ಟನ್ನೂ ಹೇಳಿದೆ. ಮರವನ್ನೊಮ್ಮೆ ನೋಡಿ, “ಬಂಡೆಯ ಮಾತು ಸರಿ. ಹಾಗಾದರೆ ಇರಲಿ ಬಿಡು” ಎಂದರು. ಉಳಿದ ಕಲ್ಲುಹೂವು ಈಗಲೂ ಆ ಮರದ ಮೇಲಿದೆ.