ಸಮೋವಾ ದ್ವೀಪದವರ ಭೂಮಿಯೂ ಕುಟುಂಬವೂ

ಓದತಕ್ಕ ವೇದಭಾಗಗಳು: ಯಾಜಕಕಾಂಡ 25, 1 ಅರಸುಗಳು 21.

ಪೆಸಿಫಿಕ್ ಮಹಾಸಾಗರದಲ್ಲಿ ಸವಾಯಿ, ಉಪೋಲು ಎಂಬೆರಡು ದೊಡ್ಡ ದ್ವೀಪಗಳೂ ಕೆಲವು ಚಿಕ್ಕ ದ್ವೀಪಗಳೂ ಕೂಡಿ ಸಮೋವಾ ದೇಶವಾಗಿರುವದು. 1830ರಲ್ಲಿ ಲಂಡನ್ ಮಿಶನಿನ ಜಾನ್ ವಿಲಿಯಮ್ಸ್ ಎಂಬವರು ಬೇರೆ ದ್ವೀಪಗಳ ಉಪದೇಶಕರನ್ನು ಕರೆದುಕೊಂಡು ಅಲ್ಲಿಗೆ ಬಂದರು. ಈಗ ಆ ಜನರಲ್ಲಿ ಬಹು ಮಂದಿ ಕ್ರೈಸ್ತರೇ. ಅವರು ಭೂಮಿಯನ್ನು ಅನುಭವಿಸುವ ಕ್ರಮವು ನಾವು ಆಲೋಚಿಸತಕ್ಕದ್ದಾಗಿದೆ.

ಅಲ್ಲಿ ತಂದೆತಾಯಿಗಳೂ ಮಕ್ಕಳೂ ಮಾತ್ರವೇ ಕುಟುಂಬವಲ್ಲ. ರಕ್ತಸಂಬಂಧದಿಂದಲೂ ವಿವಾಹದಿಂದಲೂ ದತ್ತುವಿನಿಂದಲೂ ಕೂಡಿದವರೆಲ್ಲರು ಒಂದೇ ‘ಐಂಗ’ ಆಗಿರುವರು. ಅದರ ಯಜಮಾನನನ್ನು ‘ಮತೈ’ ಎನ್ನುವರು. ಹಿರಿಯ ಮಗನಾಗಿ ಹುಟ್ಟಿದ್ದರಿಂದಲೇ ಒಬ್ಬನು ಮತೈ ಆಗಲಾರನು; ಕುಟುಂಬದವರು ಕೂಡಿ ಮಾತಾಡಿ, ಅವನು ಮಾಡಿದ ಸೇವೆಯನ್ನೂ ನೋಡಿ ಆರಿಸುವರು. ಕೆಸು, ಬಾಳೆ, ತೆಂಗು, ಜೀಗುಜ್ಜೆ ಇವುಗಳನ್ನು ಯಾರು ಯಾವ ನೆಲದಲ್ಲಿ ಬೆಳೆಯತಕ್ಕದ್ದೆಂದು ಮತೈ ನೇಮಿಸುವನು. ಆದರೆ ಭೂಮಿಯು ಅವನ ಸ್ವಂತದ್ದಲ್ಲ. ಅವನು ಅದರ ಮನೆವಾರ್ತೆಯವನು ಮಾತ್ರ. ಹಿರಿಯರ ಸಮಾಧಿಗಳು ಮನೆಯಂಗಳದಲ್ಲಿಯೇ ಇರುವದರಿಂದ ಆ ನೆಲವು ಸತ್ತವರಿಗೂ ಇನ್ನು ಹುಟ್ಟುವವರಿಗೂ ಸೇರಿದ್ದೆಂದು ಅವರು ಮರೆಯರು.

ಹಾಗಿದ್ದರೂ ಒಂದು ಕಾಲದಲ್ಲಿ ಈ ಸ್ವಾಸ್ತ್ಯಕ್ಕೆ ದೊಡ್ಡ ಅಪಾಯವುಂಟಾಯಿತು. 1869ರಲ್ಲಿ ಸಮೋವಾದವರು ತಮ್ಮತಮ್ಮೊಳಗೆ ಯುದ್ಧಕ್ಕಿಳಿದರು. ಬಂದೂಕುಗಳಿಗಾಗಿ ಕೆಲವು ನಾಯಕರು ಭೂಮಿಯನ್ನು ಪರದೇಶದ ವರ್ತಕರಿಗೆ ಮಾರಿದರು. ಕಡೆಗೆ ಪರದೇಶದವರು ತಮ್ಮದೆಂದು ಹೇಳಿದ ಭೂಮಿಯನ್ನು ಲೆಕ್ಕಮಾಡಲಾಗಿ, ಅದು ಆ ದ್ವೀಪಗಳ ಒಟ್ಟು ನೆಲದ ಎರಡರಷ್ಟಕ್ಕಿಂತಲೂ ಹೆಚ್ಚಾಗಿತ್ತು! 1889ರ ಬರ್ಲಿನ್ ಒಪ್ಪಂದದಂತೆ ವಿಚಾರಣೆ ನಡೆದಾಗ ಹತ್ತರಲ್ಲೊಂದು ಪಾಲೂ ನಿಜವೆಂದು ಸ್ಥಿರವಾಗಲಿಲ್ಲ. ಅಣ್ಣತಮ್ಮಂದಿರ ಕಲಹವೇ ಪರರಿಗೆ ಬಾಗಿಲು ತೆರೆಯಿತೆಂಬದನ್ನು ಗಮನಿಸಿರಿ.

ಆದಕಾರಣ 1962ರಲ್ಲಿ ಸ್ವತಂತ್ರವಾದ ಸಮೋವಾ ದೇಶವು, ಕುಟುಂಬದ ಭೂಮಿಯನ್ನು ಮಾರಕೂಡದು, ಅಡವಿಡಲೂ ಕೂಡದು ಎಂದು ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿತು. ಕಾನೂನಿನಂತೆ ಗೇಣಿಗೆ ಕೊಡಬಹುದು. ಈಗಲೂ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲವು ಕುಟುಂಬಗಳ ಕೈಯಲ್ಲಿಯೇ ಇದೆ.

ಅಲ್ಲಿ ಕಷ್ಟವಿಲ್ಲವೆಂದು ಹೇಳಲಾಗದು. ಅಡವಿಡಲು ನೆಲವಿಲ್ಲದವನಿಗೆ ಸಾಲ ಹುಟ್ಟುವದು ಕಷ್ಟ. ಮತೈ ಪದವಿಗಾಗಿ ವ್ಯಾಜ್ಯಗಳು ನ್ಯಾಯಸ್ಥಾನಕ್ಕೆ ಹೋಗುವದುಂಟು. ಬಹು ಜನರು ಕೆಲಸಕ್ಕಾಗಿ ನ್ಯೂಜೀಲೆಂಡಿಗೆ ಹೋಗಿರುವರು. ಆದರೂ ಅಲ್ಲಿಂದ ಮನೆಗೆ ಹಣ ಕಳುಹಿಸುವರು, ತಿರಿಗಿ ಬಂದರೆ ಅವರಿಗೆ ಕುಟುಂಬದಲ್ಲಿ ಸ್ಥಳವಿರುವದು.

ಪ್ರಿಯರೇ, ಭೂಮಿಯ ಒಡೆಯನು ದೇವರೇ, ನಾವು ಆತನ ಬಳಿಯಲ್ಲಿ ಪ್ರವಾಸಿಗಳೆಂದು ಮೋಶೆಯ ಧರ್ಮಶಾಸ್ತ್ರವು ಬೋಧಿಸುತ್ತದೆ. ನಾಬೋತನು ಪಿತೃಗಳ ಸ್ವಾಸ್ತ್ಯವನ್ನು ಅರಸನ ಹಣಕ್ಕೂ ಕೊಡಲಿಲ್ಲ. ನೆಲವನ್ನು ಉಳಿಸುವದಕ್ಕೆ ಕಾನೂನು ಬೇಕು. ಅದಕ್ಕಿಂತ ಮೊದಲು ಮನೆಯಲ್ಲಿ ಸಮಾಧಾನ ಬೇಕು.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು:

1. ಒಡೆಯನಿಗೂ ಮನೆವಾರ್ತೆಯವನಿಗೂ ಇರುವ ಭೇದವೇನು?
2. ನಮ್ಮ ಮನೆಯ ಯಾವ ಕಲಹವು ಮುಂದೆ ಮಕ್ಕಳ ಪಾಲನ್ನು ಕಳೆಯಬಹುದು? ಅದನ್ನು ಈ ವಾರದಲ್ಲಿಯೇ ಹೇಗೆ ತೀರಿಸಿಕೊಳ್ಳೋಣ?